ಒಂದು ದಿನದ ಅರಸನ ಬಟ್ಟೆ

ಮದುವೆ ಗೊತ್ತಾದ ಮೇಲೆ ಗಂಡಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮೊದಲು ಏಳುವ ಪ್ರಶ್ನೆ ಬಟ್ಟೆಯದು. ಮದುಮಗನಿಗೆ ಶೇರ್ವಾನಿಯೋ, ಸೂಟೋ? ಪಕ್ಕದಲ್ಲಿ ನಿಲ್ಲುವ ಐದಾರು ಹುಡುಗರಿಗೆ ಒಂದೇ ಬಣ್ಣದ ಜುಬ್ಬವೋ, ಬಿಳಿ ಪಂಚೆ-ಶರ್ಟೋ? ಮನೆಯ ಹಿರಿಯರು "ಶೇರ್ವಾನಿ ನಮ್ಮ ಪದ್ಧತಿಯಲ್ಲ, ಪಂಚೆ-ಶಲ್ಯ ಸಾಕು" ಅನ್ನುತ್ತಾರೆ. ಹುಡುಗರು "ಅದೆಲ್ಲ ಹಳೇ ಕಾಲ" ಅನ್ನುತ್ತಾರೆ. ಇತಿಹಾಸ ಸ್ವಲ್ಪ ಕೆದಕಿದರೆ ಇಬ್ಬರ ಮಾತೂ ಪೂರ್ತಿ ನಿಲ್ಲುವುದಿಲ್ಲ.

ಮದುಮಗನನ್ನೇ ನೋಡಿ. ತಲೆಗೆ ಪೇಟ ಅಥವಾ ರುಮಾಲು, ಹಣೆಗೆ ಬಾಸಿಂಗ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಹಲವು ಊರುಗಳಲ್ಲಿ ತುದಿಗೆ ನಿಂಬೆಹಣ್ಣು ಚುಚ್ಚಿದ ಚಾಕುವೊಂದನ್ನು ಕೈಗೆ ಕೊಡುತ್ತಾರೆ. ಕೇಳಿದರೆ ದೃಷ್ಟಿಗೆ ಅನ್ನುತ್ತಾರೆ. ಇರಬಹುದು. ಆದರೆ ಪೇಟ, ಕತ್ತಿ, ಕುದುರೆ, ಮುಂದೆ ವಾದ್ಯ, ಹಿಂದೆ ಪರಿವಾರ ಎಂದು ಸೇರಿಸಿ ನೋಡಿದರೆ ಕಾಣುವುದು ಅರಸನ ಮೆರವಣಿಗೆ. ವರ್ಷವಿಡೀ ಹೊಲದಲ್ಲಿ ಬೆನ್ನು ಬಗ್ಗಿಸಿದವನು ಆ ಒಂದು ದಿನ ಅರಸ. ಗೆಳೆಯರು ಅವನ ಪರಿವಾರ.

ಕೊಡಗಿನಲ್ಲಿ ಇದು ಇನ್ನೂ ಸ್ಪಷ್ಟ. ಕೊಡವ ಗಂಡಸರು ಹಬ್ಬ, ಸಮಾರಂಭಗಳಿಗೆ ಕಪ್ಪು ಕುಪ್ಯ ತೊಟ್ಟರೆ ಮದುಮಗ ಬಿಳಿ ಕುಪ್ಯ ತೊಡುತ್ತಾನೆ. ಸೊಂಟಕ್ಕೆ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ಮಂಡೆತುಣಿ. ಅವನ ಜೊತೆಗಾರನಿಗೆ ಬೋಜಕಾರ ಎಂಬ ಹೆಸರೇ ಇದೆ. ಮದುಮಗನ ಜೊತೆ ಒಬ್ಬ ನಿಲ್ಲುವುದು ಸಿನಿಮಾ ನೋಡಿ ಕಲಿತದ್ದೇನೂ ಅಲ್ಲ.

ಸರಿ, ಅರಸನ ಬಟ್ಟೆ ಅಂದರೆ ಯಾವುದು? ಅರಸರು ಬದಲಾದಂತೆ ಅದೂ ಬದಲಾಯಿತು. ವಿಜಯನಗರದ ಆಸ್ಥಾನದಲ್ಲಿ ದೊರೆಗಳು, ಅಧಿಕಾರಿಗಳು ಕಬಾಯಿ ಎಂಬ ಹೊಲಿದ ಉದ್ದನೆಯ ಅಂಗಿ ತೊಟ್ಟು, ಕುಲ್ಲಾಯಿ ಎಂಬ ಎತ್ತರದ ಟೊಪ್ಪಿಗೆ ಹಾಕುತ್ತಿದ್ದರು. ಎರಡೂ ಪರ್ಷಿಯಾ, ಅರಬ್ ಕಡೆಯಿಂದ ಬಂದ ಉಡುಪು. ಕೂಸಿನ ತಲೆಗೆ ನಾವು ಕಟ್ಟುವ ಕುಲಾವಿಯ ಹೆಸರೂ ಅದೇ ಪರ್ಷಿಯನ್ ಪದದಿಂದ ಬಂದದ್ದು. ತಿರುಮಲೆಯ ದೇವಸ್ಥಾನದಲ್ಲಿ ಕೃಷ್ಣದೇವರಾಯ ಇಬ್ಬರು ರಾಣಿಯರೊಡನೆ ಕೈಮುಗಿದು ನಿಂತ ಲೋಹದ ಪ್ರತಿಮೆ ಇದೆ. ಅಲ್ಲಿ ಅವನ ಮೈಮೇಲೆ ಅಂಗಿ ಇಲ್ಲ, ತಲೆ ಮೇಲೆ ಮಾತ್ರ ಆ ಎತ್ತರದ ಟೊಪ್ಪಿಗೆ. ದೇವರ ಮುಂದೆ ಒಂದು ಬಟ್ಟೆ, ಸಭೆಗೆ ಒಂದು ಬಟ್ಟೆ. ಧಾರೆಗೆ ಪಂಚೆ, ಆರತಕ್ಷತೆಗೆ ಸೂಟು ಅನ್ನುವ ನಮ್ಮ ಈಗಿನ ಲೆಕ್ಕವೂ ಹೆಚ್ಚುಕಮ್ಮಿ ಇದೇ.

ಶೇರ್ವಾನಿಯ ಕಥೆ 19ನೇ ಶತಮಾನದ್ದು. ಮೊಗಲರ ಕಾಲದ ಉದ್ದ ಅಂಗಿ ಮತ್ತು ಇಂಗ್ಲಿಷರ ಉದ್ದ ಕೋಟು ಬೆರೆತು ಹುಟ್ಟಿದ ಉಡುಪು ಅದು. ಹೈದರಾಬಾದಿನ ನಿಜಾಮರ ಆಡಳಿತದಲ್ಲಿ ಅದು ಅಧಿಕಾರಿಗಳ ಉಡುಪಾಯಿತು. ಬೀದರ್, ಕಲಬುರಗಿ, ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲೇ ಇದ್ದವು. ಹಾಗಾಗಿ ಆ ಭಾಗದವರಿಗೆ ಶೇರ್ವಾನಿ ಹಿಂದಿ ಸಿನಿಮಾ ತಂದುಕೊಟ್ಟ ಹೊಸ ವಸ್ತುವಲ್ಲ. ಇತ್ತ ಮೈಸೂರಿನ ದರ್ಬಾರಿನಲ್ಲಿ ಉದ್ದ ಕೋಟು ಮತ್ತು ಜರಿ ಪೇಟ ನಡೆಯುತ್ತಿದ್ದವು. ಕಚ್ಚೆ ಪಂಚೆಯ ಮೇಲೆ ಕೋಟು ಹಾಕಿ, ಪೇಟ ಸುತ್ತಿ ನಿಂತ ಅಜ್ಜಂದಿರ ಮದುವೆ ಫೋಟೊಗಳು ನೆನಪಾಗುತ್ತವಲ್ಲ, ಅವರು ಕೆಳಗೆ ಊರಿನವರು, ನಡುವೆ ಇಂಗ್ಲಿಷರು, ಮೇಲೆ ದರ್ಬಾರಿನವರು! ಆಗ ಯಾರೂ ಅದನ್ನು ಕಲಬೆರಕೆ ಅನ್ನಲಿಲ್ಲ.

ಇಲ್ಲಿಯವರೆಗೆ ಕೇಳಲು ಚೆನ್ನಾಗಿದೆ. ಆದರೆ ಅರಸನಾಗುವ ಆ ಒಂದು ದಿನವೂ ಎಲ್ಲರಿಗೂ ಸಿಕ್ಕಿರಲಿಲ್ಲ.

1928ರ ಹೊತ್ತಿಗೆ ಇಂದೋರ್ ಸೀಮೆಯ ಕೆಲವು ಹಳ್ಳಿಗಳ ಮೇಲ್ಜಾತಿಯವರು ಬಲಾಯಿ ಎಂಬ ಅಸ್ಪೃಶ್ಯ ಜಾತಿಯವರಿಗೆ ಕಟ್ಟಳೆ ಹಾಕಿದರು. ಜರಿಯಂಚಿನ ಪೇಟ ಸುತ್ತಕೂಡದು. ಬಣ್ಣದ ಅಂಚಿನ ಧೋತರ ಉಡಕೂಡದು. ಅವರ ಹೆಂಗಸರು ಬೆಳ್ಳಿ, ಬಂಗಾರ ತೊಡಕೂಡದು. ಮೇಲಿನವರ ಮದುವೆ ಮೆರವಣಿಗೆಯಲ್ಲಿ ಮಾತ್ರ ಇವರು ವಾದ್ಯ ನುಡಿಸಬೇಕು. ಒಪ್ಪದವರಿಗೆ ಬಾವಿಯ ನೀರು ನಿಂತಿತು, ದನ ಮೇಯಿಸುವುದು ನಿಂತಿತು. ನೂರಾರು ಮಂದಿ ಹೆಂಡತಿ ಮಕ್ಕಳೊಂದಿಗೆ ತಲೆತಲಾಂತರದ ಊರು ಬಿಟ್ಟು ಅಕ್ಕಪಕ್ಕದ ಸಂಸ್ಥಾನಗಳಿಗೆ ಹೋದರು. ಅಂಬೇಡ್ಕರ್ 1936ರ ತಮ್ಮ 'ಜಾತಿ ವಿನಾಶ' ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಒಂದು ಪೇಟದ ಅಂಚಿಗೆ ಇಷ್ಟೇಕೆ ಸಿಟ್ಟು ಅಂದರೆ, ಅದು ಬರೀ ಬಟ್ಟೆಯಲ್ಲ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಅದು ಅಲ್ಲಿಗೇ ಮುಗಿದಿದ್ದರೆ ಕಾನೂನು ಬದಲಿಸಬೇಕಾಗುತ್ತಿರಲಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. 2015ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ ಕೆಲವು ಸಂಗತಿಗಳನ್ನು ಹೆಸರು ಹಿಡಿದು ಸೇರಿಸಿದರು: ಸಾರ್ವಜನಿಕ ಸ್ಥಳದಲ್ಲಿ ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು, ಮದುವೆ ಮೆರವಣಿಗೆ ತೆಗೆಯುವುದನ್ನು, ಮೆರವಣಿಗೆಯಲ್ಲಿ ಕುದುರೆ ಅಥವಾ ವಾಹನ ಏರುವುದನ್ನು ಜಾತಿಯ ಕಾರಣಕ್ಕೆ ತಡೆದರೆ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಜೈಲು, ಮೇಲೆ ದಂಡ. 2016ರ ಜನವರಿ 26ರಿಂದ ಇದು ಜಾರಿಯಲ್ಲಿದೆ. ಹೊಸ ಬಟ್ಟೆ ಎಂಬ ಮಾತು ನಮ್ಮ ದೇಶದ ಕಾಯ್ದೆಯೊಳಗೆ ಬಂದದ್ದು ಹೀಗೆ.

ಶೇರ್ವಾನಿ, ಪೇಟ ಈಗ ಪೇಟೆಯಲ್ಲಿ ಬಾಡಿಗೆಗೂ ಸಿಗುತ್ತವೆ. ಬಾಡಿಗೆಯವನು ಕೇಳುವುದು ಎದೆಯಳತೆ, ತಲೆಯಳತೆ ಮತ್ತು ಮುಂಗಡ. ಈ ವಾರ ಒಂದು ಕೇರಿಯ ಮದುಮಗ ತೊಟ್ಟ ಶೇರ್ವಾನಿ ಇಸ್ತ್ರಿಯಾಗಿ ಮುಂದಿನ ವಾರ ಇನ್ನೊಂದು ಕೇರಿಗೆ ಹೋಗುತ್ತದೆ.