ಕವಡೆಯ ದ್ವೀಪಗಳಲ್ಲಿ ಮುಳುಗಲು ಹೊರಟವರು

ಎಂಟು ಹತ್ತು ಮಂದಿ ಗೆಳೆಯರು ಸೇರಿ ಮಾಲ್ಡೀವ್ಸ್ ದ್ವೀಪಗಳಲ್ಲಿ ಸ್ಕೂಬಾ ಡೈವಿಂಗ್‌ಗೆಂದು ಹೊರಡುವುದು, ವ್ಯಾನು ಗೊತ್ತು ಮಾಡಿಕೊಂಡು ಊಟಿಗೆ ಹೋಗಿ ಬಂದಷ್ಟು ಸುಲಭವಲ್ಲ. ತಂಡದಲ್ಲಿ ಲೆಕ್ಕಪತ್ರ ಬಲ್ಲವರೊಬ್ಬರು ತಿಂಗಳುಗಟ್ಟಲೆ ಮೊದಲೇ ನೋಟುಪುಸ್ತಕ ತೆರೆದು ಕೂರಬೇಕಾಗುತ್ತದೆ. ಯಾವ ತಿಂಗಳು ಹೋಗಬೇಕು? ರೆಸಾರ್ಟಿನಲ್ಲಿ ಇರುವುದೋ, ಊರಿರುವ ದ್ವೀಪದ ಅತಿಥಿಗೃಹದಲ್ಲೋ, ಹಡಗಿನಲ್ಲೇ ಮಲಗುವುದೋ? ಎಷ್ಟು ಆಳಕ್ಕೆ ಇಳಿಯಬಹುದು? ಯಾರ ಬಳಿ ಡೈವಿಂಗ್ ಪ್ರಮಾಣಪತ್ರ ಇದೆ, ಯಾರು ಇನ್ನೂ ಕಲಿಯಬೇಕು? ವಾಪಸು ವಿಮಾನ ಯಾವ ದಿನ?

ಇವೆಲ್ಲ ಇಂದು ಅನುಕೂಲದ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಒಂದೊಂದರ ಉತ್ತರದ ಹಿಂದೆಯೂ ಐವತ್ತು ವರ್ಷಗಳ ಚರಿತ್ರೆ ಇದೆ. ಸಮುದ್ರದಿಂದ ಹಿಡಿದು ತರುವ ವಸ್ತುವಿಗೆ ಬೆಲೆ ಹೆಚ್ಚೋ, ಅದನ್ನು ಅಲ್ಲೇ ಬಿಟ್ಟು ನೋಡಿ ಬರುವುದಕ್ಕೆ ಬೆಲೆ ಹೆಚ್ಚೋ ಎಂಬ ಒಂದು ಪುಟ್ಟ ದೇಶದ ಚೌಕಾಸಿಯ ಚರಿತ್ರೆ ಅದು.

ಹಿಡಿದು ತರುವ ವ್ಯಾಪಾರವೇ ಇಲ್ಲಿ ಹಳೆಯದು. ನಮ್ಮ ಮನೆಗಳ ಚೌಕಾಬಾರದ ಹಾಸಿನಲ್ಲೂ ಜೋಯಿಸರ ಮಣೆಯ ಮೇಲೂ ಉರುಳಿದ ಕವಡೆಗೆ ಈ ದ್ವೀಪಗಳು ಶತಮಾನಗಳ ಕಾಲ ದೊಡ್ಡ ತವರು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಇಲ್ಲಿ ಕಾಜಿಯಾಗಿದ್ದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ, ಒಂದು ಚಿನ್ನದ ದೀನಾರಿಗೆ ನಾಲ್ಕು ಲಕ್ಷ ಕವಡೆ ಸಿಗುತ್ತಿತ್ತೆಂದು ಬರೆದಿದ್ದಾನೆ. ಕವಡೆ ತುಂಬಿದ ಹಡಗುಗಳು ಬಂಗಾಳಕ್ಕೆ ಹೋಗುತ್ತಿದ್ದವು, ಅಲ್ಲಿಂದ ಅಕ್ಕಿ ಬರುತ್ತಿತ್ತು. ಕವಡೆಯ ಕಾಲ ಮುಗಿದ ಮೇಲೆ ದ್ವೀಪದವರ ಕೈಹಿಡಿದದ್ದು ಬೇಯಿಸಿ, ಹೊಗೆ ಹಾಕಿ, ಕಲ್ಲಿನಂತೆ ಒಣಗಿಸಿದ ಸೂರೆ ಮೀನು. ಅದರ ಮುಖ್ಯ ಗಿರಾಕಿ ಸಿಲೋನ್. 1970ರ ದಶಕದ ಆರಂಭದಲ್ಲಿ ಸಿಲೋನಿನ ಬಳಿ ವಿದೇಶಿ ವಿನಿಮಯ ಕರಗಿದಾಗ ಆ ಮಾರುಕಟ್ಟೆಯೂ ಕುಸಿಯಿತು. 1965ರಲ್ಲಷ್ಟೇ ಬ್ರಿಟಿಷರಿಂದ ಸ್ವತಂತ್ರವಾಗಿದ್ದ ದೇಶಕ್ಕೆ ಅದು ದೊಡ್ಡ ಪೆಟ್ಟು.

ಪ್ರವಾಸೋದ್ಯಮ ಮಾಡಬಹುದೇ ಎಂದು ನೋಡಲು ಬಂದ ವಿಶ್ವಸಂಸ್ಥೆಯ ತಜ್ಞರು ಅದಾಗದ ಮಾತು ಎಂದು ಹೇಳಿ ಹೋಗಿದ್ದರು. ಬ್ಯಾಂಕು ಇರಲಿಲ್ಲ. ದೂರವಾಣಿ ಸಂಪರ್ಕವಿರಲಿಲ್ಲ. ಕೊಲಂಬೋ ಜೊತೆ ಮಾತಾಡಲು ರೇಡಿಯೊ, ಮೋರ್ಸ್ ಸಂಕೇತಗಳೇ ಗತಿ. ಹುಲುಲೆ ದ್ವೀಪದಲ್ಲಿ ಒಂದು ಓಡುದಾರಿ ಇತ್ತಾದರೂ ಅಲ್ಲಿಗೆ ಕ್ರಮಬದ್ಧವಾಗಿ ವಿಮಾನ ಬರುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿ ಇಟಲಿಯ ಜಾರ್ಜ್ ಕಾರ್ಬಿನ್ ಎಂಬ ಪ್ರವಾಸ ಏಜೆಂಟ್, ಯಾರೂ ಕಾಲಿಡದ ದ್ವೀಪಗಳನ್ನು ಹುಡುಕುತ್ತ ಕೊಲಂಬೋಗೆ ಬಂದು, ಅಲ್ಲಿನ ಮಾಲ್ಡೀವ್ಸ್ ರಾಯಭಾರ ಕಚೇರಿಯಲ್ಲಿದ್ದ ಯುವಕ ಅಹ್ಮದ್ ನಸೀಮ್‌ರ ಪರಿಚಯ ಮಾಡಿಕೊಂಡ. ನಸೀಮ್ ಆತನನ್ನು ತಮ್ಮ ನಾಡಿಗೆ ಕರೆದೊಯ್ದರು. ದ್ವೀಪಗಳನ್ನು ಕಂಡು ಮರುಳಾದ ಕಾರ್ಬಿನ್ 1972ರ ಫೆಬ್ರವರಿಯಲ್ಲಿ ಬಾಡಿಗೆ ವಿಮಾನದಲ್ಲಿ 22 ಮಂದಿ ಇಟಲಿಯವರನ್ನು ಕರೆತಂದ. ಹೋಟೆಲೇ ಇಲ್ಲದ ಮಾಲೆ ಪಟ್ಟಣದಲ್ಲಿ ಮನೆಗಳನ್ನು ಬಿಡಿಸಿಕೊಟ್ಟು ಅವರನ್ನು ಇರಿಸಲಾಯಿತು. ಆತಿಥ್ಯ ನೋಡಿಕೊಂಡವರು ನಸೀಮ್ ಮತ್ತು ಅವರ ಗೆಳೆಯರಾದ ಮೊಹಮದ್ ಉಮರ್ ಮಾಣಿಕು, ಹುಸೇನ್ ಅಫೀಫ್.

ಅದೇ ವರ್ಷ ಅಕ್ಟೋಬರ್ 3ರಂದು ಮಾಲೆಯ ಪಕ್ಕದ ಜನವಸತಿಯಿಲ್ಲದ ವಿಹಮನಾಫುಶಿ ದ್ವೀಪದಲ್ಲಿ ಕುರುಂಬಾ ಎಂಬ ಮೊದಲ ರೆಸಾರ್ಟ್ ತೆರೆಯಿತು. ಕುರುಂಬಾ ಎಂದರೆ ಎಳನೀರು. ಹವಳದ ಕಲ್ಲಿನ ಗೋಡೆ, ತೆಂಗಿನ ಮರದ ತೊಲೆ, ಗರಿಯ ಸೂರು, 30 ಕೋಣೆ. ಸ್ನಾನಕ್ಕೆ ಸವುಳು ನೀರು. ಆ ವರ್ಷ ದೇಶಕ್ಕೆ ಬಂದ ಪ್ರವಾಸಿಗಳು ಒಂದು ಸಾವಿರದ ಮೇಲೆ ಸ್ವಲ್ಪ. 2024ರಲ್ಲಿ ಬಂದವರು 20 ಲಕ್ಷಕ್ಕೂ ಹೆಚ್ಚು.

ಎಲ್ಲಿ ಇಳಿದುಕೊಳ್ಳಬೇಕೆಂಬ ಪ್ರಶ್ನೆಯ ಮೂಲ ಇಲ್ಲಿದೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅದೂ ಊರಿಲ್ಲದ ದ್ವೀಪದಲ್ಲಿ ಎಂಬುದು ಕಾಲಕ್ರಮದಲ್ಲಿ ಸರಕಾರದ ನೀತಿಯಾಯಿತು. ಮುಸ್ಲಿಂ ದೇಶವಾದ್ದರಿಂದ ಮದ್ಯ, ಈಜುಡುಗೆಗಳೆಲ್ಲ ಊರಿನವರ ಕಣ್ಣಿಗೆ ಬೀಳದಿರಲಿ ಎಂಬ ಎಚ್ಚರ ಅದರಲ್ಲಿತ್ತು. ಹಣ ಕೆಲವೇ ಗುತ್ತಿಗೆದಾರರ ಕೈಯಲ್ಲಿ ಉಳಿಯುವ ಏರ್ಪಾಡೂ ಅದಾಯಿತು. ಸುಮಾರು 2009ರಿಂದೀಚೆಗೆ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅನುಮತಿ ಸಿಕ್ಕಿತು. ಮಾಫುಶಿಯಂಥ ಮೀನುಗಾರರ ಊರುಗಳಲ್ಲಿ ಡೈವಿಂಗ್ ಶಾಲೆಗಳು ಎದ್ದದ್ದು ಆಮೇಲೆ. ಕಡಿಮೆ ಖರ್ಚಿನ ತಂಡಗಳು ಈಗ ಅಲ್ಲಿಗೇ ಹೋಗುತ್ತವೆ. ಅಲ್ಲಿ ಮದ್ಯ ಸಿಗುವುದಿಲ್ಲ, ಈಜುಡುಗೆ ತೊಟ್ಟು ಬೀದಿಯಲ್ಲಿ ತಿರುಗುವಂತಿಲ್ಲ. ಮುಳುಗುವುದೇ ಮುಖ್ಯವೆನ್ನುವವರು ಸಫಾರಿ ದೋಣಿ ಹಿಡಿಯುತ್ತಾರೆ. ಇದರಲ್ಲಿ ಮಲಗುವ ಹಡಗು ಬೇರೆ, ಗಾಳಿ ತುಂಬುವ ಯಂತ್ರ, ಸಿಲಿಂಡರುಗಳನ್ನು ಹೊತ್ತ ಧೋನಿ ಬೇರೆ. ಯಂತ್ರದ ಸದ್ದಿಲ್ಲದೆ ನಿದ್ದೆ ಮಾಡಬಹುದು.

ಯಾವ ತಿಂಗಳು ಎಂಬ ಪ್ರಶ್ನೆಗೆ ದ್ವೀಪದವರ ಬಳಿ ಹಳೆಯ ಪಂಚಾಂಗವೇ ಇದೆ. ಅವರು ವರ್ಷವನ್ನು 27 ‘ನಕೈ’ಗಳಾಗಿ ಹಂಚುತ್ತಾರೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹೆಸರು ಕೇಳಿದರೆ ಕನ್ನಡದ ರೈತ ಕಿವಿ ನಿಮಿರಿಸುತ್ತಾನೆ: ಅಸ್ಸಿದ, ಬುರುನು, ಕೆತಿ, ರೋನು. ನಮ್ಮ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳೇ ಇವು. ನಮ್ಮಲ್ಲಿ ಬಿತ್ತನೆಗೆ ನೋಡುವ ನಕ್ಷತ್ರವನ್ನು ಅವರು ಮೀನಿಗೂ ಗಾಳಿಗೂ ನೋಡುತ್ತಿದ್ದರು. ಏಪ್ರಿಲ್‌ನಲ್ಲಿ ಅಸ್ಸಿದದೊಂದಿಗೆ ‘ಹುಳಂಗು’ ಎಂಬ ನೈರುತ್ಯ ಮಾರುತ ಶುರು. ಡಿಸೆಂಬರಿನಲ್ಲಿ ಮೂಲಾ ನಕ್ಷತ್ರದೊಂದಿಗೆ ‘ಇರುವೈ’ ಎಂಬ ಈಶಾನ್ಯ ಮಾರುತ.

ಗಾಳಿ ತಿರುಗಿದರೆ ನೀರಿನ ಸೆಳೆತವೂ ತಿರುಗುತ್ತದೆ. ದ್ವೀಪಗಳು ಉಂಗುರದಂತೆ ಜೋಡಿಸಿಕೊಂಡು ನಿಂತಿರುವುದರಿಂದ (ಇಂಥ ಉಂಗುರಕ್ಕೆ ಜಗತ್ತೆಲ್ಲ ಬಳಸುವ ಅಟಾಲ್ ಎಂಬ ಪದ ಇವರ ದಿವೇಹಿ ಭಾಷೆಯದೇ) ಸಾಗರದ ನೀರು ಉಂಗುರದ ಕಂಡಿಗಳ ಮೂಲಕ ಒಳನುಗ್ಗಿ ಹೊರಬೀಳುತ್ತದೆ. ಕಂಡಿಗೆ ‘ಕಂಡು’ ಎನ್ನುತ್ತಾರೆ. ನೀರು ಒಳಬರುವ ಬದಿಯಲ್ಲಿ ತಿಳಿ ಹೆಚ್ಚು, ಹೊರಹೋಗುವ ಬದಿಯಲ್ಲಿ ಕಣ್ಣಿಗೆ ಕಾಣದ ಜೀವಕಣಗಳು ತುಂಬಿ ಮಬ್ಬು. ಮಬ್ಬು ಎಂದು ತಂಡದವರು ಗೊಣಗುತ್ತಾರೆ, ಆದರೆ ಆ ಕಣಗಳನ್ನೇ ಉಣ್ಣುವ ದೈತ್ಯ ಮಾಂಟಾ ತೊರಕೆಗಳು ಅಲ್ಲಿಗೇ ಬರುತ್ತವೆ. ಹೀಗಾಗಿ ಅವು ಇರುವೈ ಕಾಲದಲ್ಲಿ ಪಶ್ಚಿಮದ ಬದಿ, ಹುಳಂಗು ಕಾಲದಲ್ಲಿ ಪೂರ್ವದ ಬದಿ. ತಿಳಿನೀರು ಬೇಕೆನ್ನುವವರು ಜನವರಿಯಿಂದ ಏಪ್ರಿಲ್, ಮಾಂಟಾ ಬೇಕೆನ್ನುವವರು ಮಳೆಗೆ ಹೆದರದೆ ಜೂನ್‌ನಿಂದಾಚೆ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ಹೋಗಬೇಕು. ಒಂದು ಮಾತು: ಜನಜಂಗುಳಿಯ ಕಾರಣ 2012ರಿಂದ ಹನಿಫಾರುವಿನಲ್ಲಿ ಸಿಲಿಂಡರು ಕಟ್ಟಿ ಮುಳುಗುವಂತಿಲ್ಲ. ಮುಖಕವಚ ತೊಟ್ಟು ಮೇಲೆಯೇ ತೇಲಿ ನೋಡಬೇಕು.

ಕಂಡುಗಳ ಬಾಯಲ್ಲಿ, ನೀರಿನಡಿಯ ದಿಬ್ಬಗಳಾದ ‘ತಿಲ’ಗಳ ಸುತ್ತ ಶಾರ್ಕ್‌ಗಳು ನೆರೆಯುತ್ತವೆ. ನಮ್ಮ ಕರಾವಳಿಯವರು ತಾಟೆ ಎನ್ನುವ ಮೀನು. ಚೌಕಾಸಿ ಕಾವೇರಿದ್ದು ಇದರ ಮೇಲೆಯೇ. ಚಾರ್ಲ್ಸ್ ಆಂಡರ್ಸನ್ ಮತ್ತು ಹುಧಾ ಅಹ್ಮದ್ ಎಂಬ ಸಂಶೋಧಕರು 1993ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 1992ರಲ್ಲಿ ಶಾರ್ಕ್ ನೋಡಲೆಂದೇ ಸುಮಾರು 77 ಸಾವಿರ ಬಾರಿ ಜನ ಮುಳುಗಿದ್ದರು. ಅದಕ್ಕೆಂದು ತೆತ್ತ ಹಣ ಸುಮಾರು 23 ಲಕ್ಷ ಡಾಲರ್. ಅದನ್ನು ಹಂಚಿ ನೋಡಿದರೆ, ಬದುಕಿ ಈಜುವ ಒಂದು ಬೂದುಬಣ್ಣದ ಹವಳ ಶಾರ್ಕ್ ವರ್ಷಕ್ಕೆ ಸರಾಸರಿ 3,300 ಡಾಲರ್ ದುಡಿಯುತ್ತಿತ್ತು. ಅದನ್ನೇ ಹಿಡಿದು ಮಾರಿದರೆ ಮೀನುಗಾರನಿಗೆ ಸಿಗುತ್ತಿದ್ದದ್ದು 32 ಡಾಲರ್, ಅದೂ ಒಂದೇ ಸಲ. ಅರಿ ಅಟಾಲ್‌ನಲ್ಲಿ ‘ಮೀನಿನ ತಲೆ’ ಎಂದೇ ಪ್ರಸಿದ್ಧವಾದ ತಿಲದಲ್ಲಿ ಒಂದೊಂದರ ವಾರ್ಷಿಕ ದುಡಿಮೆ 33 ಸಾವಿರ ಡಾಲರ್ ದಾಟಿತ್ತು.

ಲೆಕ್ಕ ಸರಿಯೇ. ಆದರೆ ಆ 3,300 ಡಾಲರ್ ಸೇರುತ್ತಿದ್ದದ್ದು ರೆಸಾರ್ಟಿನ ಗಲ್ಲಾಪೆಟ್ಟಿಗೆಗೆ, ವಿದೇಶಿ ಶಿಕ್ಷಕರ ಸಂಬಳಕ್ಕೆ. ಶಾರ್ಕ್ ಹಿಡಿಯುವವನ ಮನೆಗೆ ಬರುತ್ತಿದ್ದದ್ದು 32 ಮಾತ್ರ. ಆತ ಗಾಳ ಬಿಡುತ್ತಲೇ ಹೋದದ್ದರಲ್ಲಿ ಆಶ್ಚರ್ಯವೇನಿದೆ? 1995ರಲ್ಲಿ ಸರಕಾರ ‘ಮೀನಿನ ತಲೆ’ಯೂ ಸೇರಿ 15 ತಾಣಗಳನ್ನು ರಕ್ಷಿತ ಕಡಲೆಂದು ಸಾರಿತು, 2010ರಲ್ಲಿ ದೇಶದ ಕಡಲಿನಲ್ಲೆಲ್ಲ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿತು.

ಶಾರ್ಕ್‌ನ ವಿಷಯದಲ್ಲಿ ಗಿರಾಕಿ ಎದುರಿಗೇ ಇದ್ದ. ಹವಳಕ್ಕೆ ಬೆಲೆ ಗೊತ್ತಾದದ್ದು ಕಳೆದುಕೊಂಡ ಮೇಲೆ. ಮಾಲೆಯ ಮನೆಗಳಿಗೆ, ಮಸೀದಿಗಳಿಗೆ ಕಲ್ಲು ಒದಗಿಸಿದ್ದು ಸುತ್ತಲಿನ ಹವಳವೇ. 1987ರ ಏಪ್ರಿಲ್‌ನಲ್ಲಿ ಎದ್ದ ಅಲೆಗಳು ಪಟ್ಟಣಕ್ಕೆ ನುಗ್ಗಿದವು, ಜಪಾನಿನ ನೆರವಿನಿಂದ ಕಾಂಕ್ರೀಟ್ ತಡೆಗೋಡೆ ಕಟ್ಟಬೇಕಾಯಿತು. 1998ರಲ್ಲಿ ಎಲ್ ನಿನ್ಯೊದಿಂದ ಸಮುದ್ರ ಕಾದು, ನಡುವಿನ ಅಟಾಲ್‌ಗಳಲ್ಲಿ ಆಳವಿಲ್ಲದೆಡೆಯ ಹವಳದ ನೂರರಲ್ಲಿ ತೊಂಬತ್ತು ಪಾಲು ಬಿಳಿಚಿ ಸತ್ತಿತು. ಮೆಲ್ಲಗೆ ಚೇತರಿಸಿಕೊಂಡದ್ದು 2016ರಲ್ಲಿ ಮತ್ತೆ ಬಿಳಿಚಿತು. ಇದನ್ನು ತಡೆಯುವ ಕಾನೂನು ಮಾಲೆಯಲ್ಲಿ ಕುಳಿತವರ ಕೈಯಲ್ಲಿಲ್ಲ. ಅಧ್ಯಕ್ಷ ಮೊಹಮದ್ ನಶೀದ್ ಮತ್ತು ಅವರ ಮಂತ್ರಿಗಳು 2009ರ ಅಕ್ಟೋಬರ್ 17ರಂದು ಡೈವಿಂಗ್ ಉಡುಪು ತೊಟ್ಟು ಗಿರಿಫುಶಿಯ ಬಳಿ ನೀರಿನಡಿ ಮೇಜು ಹಾಕಿಕೊಂಡು ಸಂಪುಟ ಸಭೆ ನಡೆಸಿ, ಇಂಗಾಲದ ಹೊಗೆ ತಗ್ಗಿಸಿರೆಂದು ಜಗತ್ತಿಗೆ ಬರೆದ ಮನವಿಗೆ ಸಹಿ ಹಾಕಿದ್ದು ಹಲವರಿಗೆ ನೆನಪಿರಬಹುದು. ಡೈವಿಂಗ್ ಬಾರದ ಮಂತ್ರಿಗಳಿಗೆ ಮೊದಲು ಪಾಠ ಹೇಳಿಸಬೇಕಾಯಿತು. ದೂರದ ದೇಶಗಳಿಂದ ವಿಮಾನ ಹತ್ತಿ ಬರುವ ಪ್ರವಾಸಿ ತಂಡಗಳೂ ಆ ಹೊಗೆಯ ಪಾಲುದಾರರೇ ಎಂಬ ಮುಜುಗರ ಮಾತ್ರ ಹಾಗೆಯೇ ಉಳಿದಿದೆ.

ಆಳ ಮತ್ತು ವಿಮಾನದ ಪ್ರಶ್ನೆಗಳು ಇನ್ನು ಶರೀರಶಾಸ್ತ್ರದವು. ಆಳದಲ್ಲಿ ಒತ್ತಡಕ್ಕೆ ಸಿಕ್ಕಿದ ಸಾರಜನಕ ರಕ್ತಮಾಂಸದಲ್ಲಿ ಕರಗುತ್ತದೆ. ಅವಸರದಲ್ಲಿ ಮೇಲೆ ಬಂದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯೇಳುತ್ತದೆ. ಬ್ರಿಟನ್ನಿನ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ ಸುರಕ್ಷಿತವಾಗಿ ಏರುವ ಕೋಷ್ಟಕಗಳನ್ನು 1908ರಲ್ಲಿ ಕೊಟ್ಟ. ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾನ್ 1943ರಲ್ಲಿ ಬೆನ್ನಿಗೆ ಕಟ್ಟುವ ಉಸಿರಾಟದ ಉಪಕರಣ ರೂಪಿಸಿದ ಮೇಲೆ ಆ ಕೋಷ್ಟಕ ನೌಕಾಪಡೆಯ ಗುಟ್ಟಾಗಿ ಉಳಿಯದೆ ವಿಹಾರಕ್ಕೆ ಬಂದವರ ಪಾಠವಾಯಿತು. ಮಾಲ್ಡೀವ್ಸ್‌ನ ಕಾನೂನಿನಂತೆ ವಿಹಾರದ ಮುಳುಗು 30 ಮೀಟರಿಗೆ ಮೀರಕೂಡದು. ದಿನವೂ ಮುಳುಗಿದವರು ಕೊನೆಯ ಮುಳುಗಿನ ನಂತರ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವಿಂಗ್ ಶಾಲೆಗಳ ಸಾಮಾನ್ಯ ನಿಯಮ. ಹೀಗಾಗಿ ನೋಟುಪುಸ್ತಕದವರು ಕೊನೆಯ ಒಂದು ದಿನವನ್ನು ಒಣಗಿಟ್ಟುಕೊಳ್ಳಬೇಕು.

ಆ ಒಣ ದಿನ ಅನೇಕ ತಂಡಗಳು ಮಾಲೆಗೆ ಬರುತ್ತವೆ. ಮಾಲೆಯ ಪಶ್ಚಿಮಕ್ಕೆ ಗುಳಿಫಳು ಇದೆ. ಆಸ್ಟ್ರಿಯಾದ ಹಾನ್ಸ್ ಹಾಸ್ ತನ್ನ ಕ್ಸರೀಫಾ ಹಾಯಿಹಡಗಿನಲ್ಲಿ 1957-58ರಲ್ಲಿ ಈ ದ್ವೀಪಗಳಿಗೆ ಬಂದು, ಪ್ರವಾಸಿಗಳು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿನ ಕಡಲಿನಡಿಯ ಜೀವಲೋಕವನ್ನು ಅಭ್ಯಾಸ ಮಾಡಿದ್ದ. ಗುಳಿಫಳುವಿನ ಒಂದು ಹವಳದ ಗೋಡೆಗೆ ಡೈವಿಂಗ್ ಮಾಡುವವರು ಅವನ ಹೆಸರಿಟ್ಟಿದ್ದರು; 1995ರ 15 ರಕ್ಷಿತ ತಾಣಗಳಲ್ಲಿ ಅದೂ ಒಂದು. 2020ರಲ್ಲಿ ಹೊಸ ಬಂದರಿಗಾಗಿ ಗುಳಿಫಳುವನ್ನು ಮರಳು ಸುರಿದು ತುಂಬುವ ಕೆಲಸ ಶುರುವಾಯಿತು. ಹೂಳು ಹವಳದ ಉಸಿರು ಕಟ್ಟಿಸುತ್ತದೆಂದು ಪರಿಸರದ ಕಾಳಜಿಯುಳ್ಳವರು ಎಷ್ಟು ಕೂಗಿದರೂ ಕೆಲಸ ನಿಲ್ಲಲಿಲ್ಲ. ಇಕ್ಕಟ್ಟಾದ ಮಾಲೆಗೆ ಬಂದರೂ ಬೇಕು, ನೆಲವೂ ಬೇಕು ಎಂಬುದು ಸರಕಾರದ ವಾದ. 2025ರಲ್ಲಿ ಸರಕಾರ ಇನ್ನೊಂದು ಪ್ರಕಟಣೆ ಹೊರಡಿಸಿತು: ಆಳ ಸಮುದ್ರದ ಗಲ್ಪರ್ ಜಾತಿಯ ಶಾರ್ಕ್ ಹಿಡಿಯಲು ಮತ್ತೆ ಅನುಮತಿ. ಯಾವ ಮುಳುಗುಗಾರನ ಕಣ್ಣಿಗೂ ಬೀಳದಷ್ಟು ಆಳದಲ್ಲಿ ಬದುಕುವ ಮೀನು ಅದು.