ಗರ್ಭಾವಸ್ಥೆಯಲ್ಲಿ ಕೆಫೀನ್ ಸೇವನೆ

ಗರ್ಭಾವಸ್ಥೆಯಲ್ಲಿ ಕೆಫೀನ್ ಸೇವನೆ ಎಂದರೆ ಗರ್ಭಿಣಿಯು ಕಾಫಿ, ಚಹಾ, ಕೋಲಾ, ಚಾಕೊಲೇಟ್ ಹಾಗೂ ಕೆಲವು ಔಷಧಗಳ ಮೂಲಕ ಕೆಫೀನ್ ಎಂಬ ಉತ್ತೇಜಕ ವಸ್ತುವನ್ನು ಸೇವಿಸುವುದು. ಕೆಫೀನ್ ಜರಾಯುವನ್ನು (ಮಾಸು) ಸುಲಭವಾಗಿ ದಾಟಿ ಗರ್ಭಸ್ಥ ಶಿಶುವನ್ನು ತಲುಪುತ್ತದೆ. ಅಧಿಕ ಸೇವನೆಗೂ ಗರ್ಭಸ್ರಾವ ಮತ್ತು ಶಿಶುವಿನ ಕಡಿಮೆ ಜನನ ತೂಕಕ್ಕೂ ಸಂಬಂಧವಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದುದರಿಂದ ಬಹುತೇಕ ಆರೋಗ್ಯ ಸಂಸ್ಥೆಗಳು ಗರ್ಭಿಣಿಯರಿಗೆ ದಿನಕ್ಕೆ 200ರಿಂದ 300 ಮಿಲಿಗ್ರಾಂಗಳ ಮಿತಿಯನ್ನು ಸೂಚಿಸಿವೆ. ಕಾಫಿ ಬೆಳೆಯುವ ಮತ್ತು ಕಾಫಿಯೇ ಮನೆಯ ಮುಖ್ಯ ಪಾನೀಯವಾಗಿರುವ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ಮಲೆನಾಡು ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ವಿಶೇಷ ಪ್ರಸ್ತುತತೆ ಇದೆ.

ಕೆಫೀನ್ ಮತ್ತು ದೇಹ

ಕೆಫೀನ್ ಕಾಫಿ ಬೀಜ, ಚಹಾ ಎಲೆ ಮೊದಲಾದವುಗಳಲ್ಲಿ ಸಹಜವಾಗಿ ಇರುವ ಒಂದು ಕ್ಷಾರಾಭ. ಇದನ್ನು ಮೊದಲ ಬಾರಿಗೆ 1819ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್ಲೀಬ್ ಫರ್ಡಿನಾಂಡ್ ರುಂಗೆ ಕಾಫಿಯಿಂದ ಬೇರ್ಪಡಿಸಿದನು. ಇದು ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವಿನ ಕ್ರಿಯೆಯನ್ನು ತಡೆದು ನಿದ್ರೆಯನ್ನು ದೂರಮಾಡುತ್ತದೆ.

ಸೇವಿಸಿದ ಕೆಫೀನನ್ನು ಯಕೃತ್ತಿನ ಕಿಣ್ವವೊಂದು ವಿಭಜಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಕೆಫೀನಿನ ಅರ್ಧಾಯು, ಅಂದರೆ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 5 ಗಂಟೆಗಳು. ಗರ್ಭಾವಸ್ಥೆ ಮುಂದುವರಿದಂತೆ ಈ ಕಿಣ್ವದ ಚಟುವಟಿಕೆ ಕುಗ್ಗುವುದರಿಂದ ಕೊನೆಯ ಮೂರು ತಿಂಗಳುಗಳಲ್ಲಿ ಅರ್ಧಾಯು 15 ಗಂಟೆಗಳಷ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ತುಂಬು ಗರ್ಭಿಣಿ ಬೆಳಿಗ್ಗೆ 7 ಗಂಟೆಗೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ 10 ಗಂಟೆಗೂ ಆಕೆಯ ದೇಹದಲ್ಲಿ ಉಳಿದಿರಬಹುದು. ಭ್ರೂಣದಲ್ಲಿ ಕೆಫೀನನ್ನು ವಿಭಜಿಸುವ ಕಿಣ್ವ ಇನ್ನೂ ಬೆಳೆದಿರುವುದಿಲ್ಲ. ತಾಯಿಯ ದೇಹವೇ ಅದನ್ನು ಹೊರಹಾಕಬೇಕಾಗುತ್ತದೆ.

ಸಂಶೋಧನೆಗಳು

ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1980ರಲ್ಲಿ ಗರ್ಭಿಣಿಯರು ಕೆಫೀನನ್ನು ತ್ಯಜಿಸಬೇಕು ಅಥವಾ ಮಿತಗೊಳಿಸಬೇಕು ಎಂದು ಸಲಹೆ ನೀಡಿತು. ಅನಂತರ ಗರ್ಭಿಣಿಯರನ್ನೇ ಗಮನಿಸಿದ ಹಲವು ಅಧ್ಯಯನಗಳು ನಡೆದವು.

2008ರಲ್ಲಿ ಪ್ರಕಟವಾದ, ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ 1,063 ಗರ್ಭಿಣಿಯರ ಅಧ್ಯಯನದಲ್ಲಿ, ದಿನಕ್ಕೆ 200 ಮಿ.ಗ್ರಾಂ ಅಥವಾ ಹೆಚ್ಚು ಕೆಫೀನ್ ಸೇವಿಸಿದವರಲ್ಲಿ ಗರ್ಭಸ್ರಾವದ ಅಪಾಯವು ಸೇವಿಸದವರಿಗಿಂತ ಎರಡು ಪಟ್ಟಿಗೂ ಅಧಿಕವಾಗಿ ಕಂಡಿತು. ಅದೇ ವರ್ಷ ಬ್ರಿಟನ್ನಿನ ಲೆಸ್ಟರ್ ಮತ್ತು ಲೀಡ್ಸ್ ನಗರಗಳ 2,635 ಗರ್ಭಿಣಿಯರ ಅಧ್ಯಯನವು ಕೆಫೀನ್ ಸೇವನೆಗೂ ಭ್ರೂಣದ ಬೆಳವಣಿಗೆ ಕುಂಠಿತವಾಗುವುದಕ್ಕೂ ಸಂಬಂಧವನ್ನು ಗುರುತಿಸಿತು. ನಾರ್ವೆಯ 59,123 ಗರ್ಭಿಣಿಯರನ್ನು ಕುರಿತ 2013ರ ಅಧ್ಯಯನದಲ್ಲಿ, ದಿನದ ಸೇವನೆಯಲ್ಲಿ ಪ್ರತಿ 100 ಮಿ.ಗ್ರಾಂ ಹೆಚ್ಚಳಕ್ಕೆ ಜನನ ತೂಕ ಸುಮಾರು 21ರಿಂದ 28 ಗ್ರಾಂ ಕಡಿಮೆ ಇರುವುದು ತಿಳಿದುಬಂದಿತು.

ಇದಕ್ಕೆ ಭಿನ್ನವಾದ ಫಲಿತಾಂಶವೂ ಇದೆ. ಡೆನ್ಮಾರ್ಕಿನಲ್ಲಿ ದಿನಕ್ಕೆ ಕನಿಷ್ಠ ಮೂರು ಕಪ್ ಕಾಫಿ ಕುಡಿಯುತ್ತಿದ್ದ 1,207 ಗರ್ಭಿಣಿಯರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಸಾಮಾನ್ಯ ಕಾಫಿಯನ್ನೂ ಇನ್ನೊಂದಕ್ಕೆ ಕೆಫೀನ್ ತೆಗೆದ ಕಾಫಿಯನ್ನೂ ನೀಡಲಾಯಿತು. ಗರ್ಭಾವಸ್ಥೆಯ ದ್ವಿತೀಯಾರ್ಧದಲ್ಲಿ ಕೆಫೀನ್ ತಗ್ಗಿಸಿದುದರಿಂದ ಜನನ ತೂಕದಲ್ಲಾಗಲಿ ಗರ್ಭಧಾರಣೆಯ ಅವಧಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಉಂಟಾಗಲಿಲ್ಲ ಎಂದು 2007ರಲ್ಲಿ ವರದಿಯಾಯಿತು.

ವೀಕ್ಷಣಾ ಅಧ್ಯಯನಗಳನ್ನು ಅರ್ಥೈಸುವಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಪಾಶ್ಚಾತ್ಯ ದೇಶಗಳಲ್ಲಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಧೂಮಪಾನಿಗಳೂ ಹೆಚ್ಚು. ಧೂಮಪಾನವೇ ಜನನ ತೂಕವನ್ನು ತಗ್ಗಿಸುತ್ತದೆ. ಎರಡನೆಯದು, ಗರ್ಭವು ಚೆನ್ನಾಗಿ ನೆಲೆಗೊಂಡಾಗ ವಾಕರಿಕೆ ಹೆಚ್ಚಾಗಿ ಕಾಫಿಯ ವಾಸನೆಯೇ ಅನೇಕರಿಗೆ ಹಿಡಿಸುವುದಿಲ್ಲ. ಕ್ಷೀಣವಾದ ಗರ್ಭದಲ್ಲಿ ವಾಕರಿಕೆ ಕಡಿಮೆಯಿದ್ದು ಕಾಫಿ ಸೇವನೆ ಮೊದಲಿನಂತೆಯೇ ಮುಂದುವರಿಯಬಹುದು. ಅಂತಹ ಸಂದರ್ಭದಲ್ಲಿ ಕಾಫಿಯು ಗರ್ಭಸ್ರಾವದ ಕಾರಣವಾಗಿರದೆ ಕೇವಲ ಅದರೊಂದಿಗೆ ಕಾಣಿಸಿಕೊಂಡ ಅಂಶವಾಗಿರುತ್ತದೆ. 2020ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಲೇಖನವು ಗರ್ಭಿಣಿಯರಿಗೆ ಕೆಫೀನಿನ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಾದಿಸಿತು; ಈ ತೀರ್ಮಾನವನ್ನು ಹಲವು ತಜ್ಞರು ಒಪ್ಪಲಿಲ್ಲ.

ಶಿಫಾರಸು ಮಾಡಲಾದ ಮಿತಿಗಳು

* ವಿಶ್ವ ಆರೋಗ್ಯ ಸಂಸ್ಥೆ (2016): ದಿನಕ್ಕೆ 300 ಮಿ.ಗ್ರಾಂಗಿಂತ ಹೆಚ್ಚು ಸೇವಿಸುವ ಗರ್ಭಿಣಿಯರು ಅದನ್ನು ಕಡಿಮೆ ಮಾಡಬೇಕು.
* ಅಮೆರಿಕದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು (2010): 200 ಮಿ.ಗ್ರಾಂಗಿಂತ ಕಡಿಮೆ ಸೇವನೆಯು ಗರ್ಭಸ್ರಾವ ಅಥವಾ ಅವಧಿಪೂರ್ವ ಹೆರಿಗೆಗೆ ಪ್ರಮುಖ ಕಾರಣವಾಗಿ ಕಾಣುವುದಿಲ್ಲ.
* ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ (2015): ದಿನಕ್ಕೆ 200 ಮಿ.ಗ್ರಾಂವರೆಗಿನ ಸೇವನೆಯಿಂದ ಭ್ರೂಣದ ಸುರಕ್ಷತೆಗೆ ಆತಂಕವಿಲ್ಲ.
* ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (2024): ಸಾಮಾನ್ಯ ಜನರಿಗೆ ದಿನಕ್ಕೆ 300 ಮಿ.ಗ್ರಾಂ ಮಿತಿ, ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಅನಂತರ ಕಾಫಿ, ಚಹಾ ಸೇವಿಸಬಾರದು.

ಪಾನೀಯಗಳಲ್ಲಿನ ಪ್ರಮಾಣ

ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ 150 ಮಿ.ಲೀ. ಅಳತೆಯ ಒಂದು ಕಪ್ಪಿನಲ್ಲಿರುವ ಕೆಫೀನ್ ಹೀಗಿದೆ:

* ಪುಡಿಯಿಂದ ಇಳಿಸಿದ ಕಾಫಿ: 80–120 ಮಿ.ಗ್ರಾಂ
* ದಿಢೀರ್ (ಇನ್‌ಸ್ಟಂಟ್) ಕಾಫಿ: 50–65 ಮಿ.ಗ್ರಾಂ
* ಚಹಾ: 30–65 ಮಿ.ಗ್ರಾಂ

ಈ ಲೆಕ್ಕದಲ್ಲಿ ಎರಡು ಕಪ್ ಗಟ್ಟಿ ಕಾಫಿಯಲ್ಲಿಯೇ 200 ಮಿ.ಗ್ರಾಂ ಮಿತಿ ತಲುಪಬಹುದು. ಬೀಜದ ತಳಿಯೂ ಮುಖ್ಯ: ಅರೇಬಿಕಾ ಬೀಜದಲ್ಲಿ ಸುಮಾರು ಶೇ. 1.2ರಷ್ಟು ಕೆಫೀನ್ ಇದ್ದರೆ ರೊಬಸ್ಟಾದಲ್ಲಿ ಸುಮಾರು ಶೇ. 2.2ರಷ್ಟಿರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲದಿರುವುದರಿಂದ ಚಿಕೋರಿ ಬೆರೆತ ಪುಡಿಯಲ್ಲಿ ಅದರ ಪ್ರಮಾಣ ಕಡಿಮೆ. ಭಾರತದ ನಿಯಮಗಳಂತೆ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿಯು ಶೇ. 51ಕ್ಕಿಂತ ಕಡಿಮೆ ಇರಬಾರದು. ಎನರ್ಜಿ ಡ್ರಿಂಕ್‌ಗಳ ಮೇಲೆ ಅವು ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ತಕ್ಕುದಲ್ಲವೆಂಬ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ. ಕೆಲವು ತಲೆನೋವಿನ ಮಾತ್ರೆಗಳಲ್ಲಿಯೂ ಕೆಫೀನ್ ಇರುತ್ತದೆ.

ರಕ್ತಹೀನತೆ ಮತ್ತು ಕಬ್ಬಿಣದ ಅಂಶ

ಭಾರತದ ಸಂದರ್ಭದಲ್ಲಿ ಕಾಫಿ ಮತ್ತು ಚಹಾಗಳ ಇನ್ನೊಂದು ಪರಿಣಾಮವೂ ಅಷ್ಟೇ ಗಂಭೀರವಾದುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕಾಫಿ ಮತ್ತು ಚಹಾಗಳಲ್ಲಿರುವ ಪಾಲಿಫಿನಾಲ್‌ಗಳು ಆಹಾರದ ಕಬ್ಬಿಣದ ಅಂಶದೊಂದಿಗೆ ಸೇರಿ ಅದನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತವೆ. 1983ರ ಒಂದು ಪ್ರಯೋಗದಲ್ಲಿ ಊಟದೊಂದಿಗೆ ಕುಡಿದ ಕಾಫಿಯು ಕಬ್ಬಿಣದ ಹೀರಿಕೆಯನ್ನು ಶೇ. 39ರಷ್ಟು, ಚಹಾ ಶೇ. 64ರಷ್ಟು ಕುಗ್ಗಿಸಿತು. ಊಟವಾದ ಒಂದು ಗಂಟೆಯ ಮೇಲೆ ಕುಡಿದಾಗಲೂ ಕಾಫಿಯ ಪರಿಣಾಮ ಹಾಗೆಯೇ ಇತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಇಳಿಕೆ ಕಂಡುಬರಲಿಲ್ಲ. ಇದಕ್ಕೆ ಕೆಫೀನ್ ಕಾರಣವಲ್ಲದ್ದರಿಂದ ಕೆಫೀನ್ ತೆಗೆದ ಕಾಫಿಯಿಂದ ಈ ತೊಂದರೆ ನಿವಾರಣೆಯಾಗುವುದಿಲ್ಲ.

ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ 180 ದಿನಗಳ ಕಾಲ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ನೀಡಲಾಗುತ್ತದೆ. ಈ ಮಾತ್ರೆಯನ್ನು ಕಾಫಿ ಅಥವಾ ಚಹಾದೊಂದಿಗೆ ನುಂಗಿದರೆ ಅದರ ಪ್ರಯೋಜನ ತಗ್ಗುತ್ತದೆ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಗಳ ಮೂಲಕ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಪೌಷ್ಟಿಕ ಊಟ ಒದಗಿಸುವ ವ್ಯವಸ್ಥೆ ಮಾಡಲಾಯಿತು. ಅಂತಹ ಊಟದ ಬೆನ್ನಿಗೇ ಕಾಫಿ ಕುಡಿದರೆ ಅದರಲ್ಲಿನ ಕಬ್ಬಿಣದ ಅಂಶ ಪೂರ್ಣವಾಗಿ ದಕ್ಕುವುದಿಲ್ಲ.

ಮಲೆನಾಡಿನ ಸಂದರ್ಭ

ಭಾರತದ ಕಾಫಿ ಉತ್ಪಾದನೆಯ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಕಾಫಿ ಭಾರತಕ್ಕೆ ಬಂದುದು ಬಾಬಾ ಬುಡನ್ ತಂದ ಏಳು ಬೀಜಗಳಿಂದ ಎಂಬ ಐತಿಹ್ಯ ಚಿಕ್ಕಮಗಳೂರು ಜಿಲ್ಲೆಯ ಗಿರಿಶ್ರೇಣಿಯೊಂದಿಗೆ ಸೇರಿಕೊಂಡಿದೆ. ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಮೂಲವಾದ ಪ್ರಯೋಗ ಕೇಂದ್ರವು 1925ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪನೆಯಾಯಿತು. ತುಂಗಾ ಮತ್ತು ಭದ್ರಾ ನದಿಗಳ ಆಸುಪಾಸಿನ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ, ಕಾಳುಮೆಣಸುಗಳೊಂದಿಗೆ ಕಾಫಿಯೂ ಮುಖ್ಯ ಬೆಳೆ.

ಇಲ್ಲಿ ಎದ್ದ ಕೂಡಲೇ, ತಿಂಡಿಯ ಜೊತೆಗೆ, ತೋಟದ ಕೆಲಸದ ನಡುವೆ, ಸಂಜೆ ಹಾಗೂ ನೆಂಟರು ಬಂದಾಗಲೆಲ್ಲ ಕಾಫಿ ಕುಡಿಯುವುದು ವಾಡಿಕೆ. ಪ್ರತಿ ಬಾರಿಯೂ ಅರ್ಧ ಲೋಟವೇ ಆದರೂ ದಿನದ ಒಟ್ಟು ಮೊತ್ತ ಗಮನಕ್ಕೆ ಬಾರದೆ ಮಿತಿಯನ್ನು ಮೀರಬಹುದು. ಬೆಲ್ಲದ ಕಾಫಿಯಲ್ಲಿಯೂ ಕೆಫೀನ್ ಅಷ್ಟೇ ಇರುತ್ತದೆ. ಸಿಹಿ ಬದಲಾದ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಕೊತ್ತಂಬರಿ ಬೀಜ, ಜೀರಿಗೆ ಮೊದಲಾದವನ್ನು ಹುರಿದು ಪುಡಿಮಾಡಿ, ಬೆಲ್ಲ ಮತ್ತು ಹಾಲು ಸೇರಿಸಿ ಕುದಿಸುವ ಕಷಾಯದಲ್ಲಿ ಕೆಫೀನ್ ಇರುವುದಿಲ್ಲ. ಆದ್ದರಿಂದ ದಿನದ ಒಂದೆರಡು ಕಾಫಿಯ ಬದಲಿಗೆ ಇದನ್ನು ಬಳಸಬಹುದು. ಆದರೆ ಔಷಧೀಯ ಗಿಡಮೂಲಿಕೆಗಳ ಕಷಾಯಗಳು ಇದಕ್ಕಿಂತ ಬೇರೆ. ಗರ್ಭಿಣಿಯರು ಅವನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಸೇವನೆಯನ್ನು ತಗ್ಗಿಸುವ ಕ್ರಮ

ಹೆಚ್ಚು ಕಾಫಿ ಕುಡಿಯುವವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಆಯಾಸ, ಕಿರಿಕಿರಿ ಕಾಣಿಸಿಕೊಳ್ಳಬಹುದು. ಡಿಕಾಕ್ಷನ್ನಿನ ಪ್ರಮಾಣವನ್ನು ಇಳಿಸಿ ಹಾಲನ್ನು ಹೆಚ್ಚಿಸುವುದು, ಲೋಟದ ಗಾತ್ರವನ್ನು ಕಿರಿದಾಗಿಸುವುದು, ಸಂಜೆಯ ಕಾಫಿಯನ್ನು ಮೊದಲು ಬಿಡುವುದು ಇವುಗಳಿಂದ ಕೆಲವು ದಿನಗಳಲ್ಲಿ ಕ್ರಮೇಣ ತಗ್ಗಿಸಬಹುದು. ಗರ್ಭಿಣಿಯೆಂದು ತಿಳಿಯುವ ಮೊದಲು ಹೆಚ್ಚು ಕಾಫಿ ಕುಡಿದಿದ್ದ ಮಾತ್ರಕ್ಕೆ ಹಾನಿಯಾಗಿದೆ ಎಂದು ಭಾವಿಸಬೇಕಿಲ್ಲ. ಹಾಗೆಯೇ ಗರ್ಭಸ್ರಾವಗಳಲ್ಲಿ ಹೆಚ್ಚಿನವು ಭ್ರೂಣದ ವರ್ಣತಂತುಗಳ ದೋಷದಿಂದ ಉಂಟಾಗುವುದರಿಂದ, ಗರ್ಭ ಕಳೆದುಕೊಂಡ ಮಹಿಳೆಯ ಕಾಫಿ ಸೇವನೆಯನ್ನೇ ಅದಕ್ಕೆ ಹೊಣೆಯಾಗಿಸುವುದು ಸರಿಯಲ್ಲ.