ವಾರ್ಧಕ್ಯವೂ ಏಕಾಕಿ ವನಸಂಚಾರವೂ

ಅರುವತ್ತು ಕಳೆದ ಮೇಲೆ ಬೆನ್ನಿಗೆ ಗಂಟು ಕಟ್ಟಿಕೊಂಡು ಒಬ್ಬಂಟಿಗರಾಗಿ ಕಾಡುಮೇಡುಗಳನ್ನು ಸಂಚರಿಸಲು ಹಂಬಲಿಸುವವರು ಈಚೆಗೆ ಅಲ್ಲಲ್ಲಿ ಕಾಣಬರುತ್ತಾರೆ. ಮನೆಯವರು ಇದನ್ನು ಹುಚ್ಚೆಂದು ತಡೆಯುವರು. ಹೊರಡುವವರು ತಮ್ಮ ಸ್ವಾತಂತ್ರ್ಯವೆಂದು ವಾದಿಸುವರು. ಈ ವಿವಾದವು ಹೊಸದಲ್ಲ. ಪೂರ್ವಿಕರು ಇದನ್ನು ಧೈರ್ಯದ ಪ್ರಶ್ನೆಯೆಂದು ಬಗೆಯದೆ ಅಧಿಕಾರದ, ಎಂದರೆ ಅರ್ಹತೆಯ, ಪ್ರಶ್ನೆಯೆಂದು ವಿಚಾರಮಾಡಿದರು.

ಮನುಸ್ಮೃತಿಯ ಆರನೆಯ ಅಧ್ಯಾಯವು ವನಕ್ಕೆ ಹೊರಡುವ ಕಾಲವನ್ನು ವರ್ಷಗಳ ಲೆಕ್ಕದಿಂದ ಹೇಳುವುದಿಲ್ಲ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮನೆಯಲ್ಲಿ ಮಗನ ಮಗು, ಇವುಗಳನ್ನು ಕಂಡಾಗ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದು. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಆಕೆಯೊಡನೆಯಾದರೂ ಹೋಗಬಹುದು. ಊರಿನಿಂದ ಅನ್ನವನ್ನು ತಂದುಣ್ಣುವುದಾದರೆ ಎಂಟೇ ತುತ್ತು. ಆಶ್ವಯುಜ ಮಾಸ ಬಂದೊಡನೆ ಕೂಡಿಟ್ಟ ಹಳೆಯ ಧಾನ್ಯವನ್ನೂ ಜೀರ್ಣವಸ್ತ್ರವನ್ನೂ ತ್ಯಜಿಸತಕ್ಕದ್ದು. ಸಹಾಯಕರಿಲ್ಲದೆ ಏಕಾಕಿಯಾಗಿ ಚರಿಸಬೇಕೆಂಬ ವಿಧಿಯಾದರೋ ಇದರ ಮುಂದಿನ ಸಂನ್ಯಾಸಾಶ್ರಮಕ್ಕೆ ಸಂಬಂಧಿಸಿದುದು. ವನವಾಸದಲ್ಲಿ ಪಳಗಿದ ಬಳಿಕವೇ ಒಂಟಿತನವೆಂಬುದು ಇಲ್ಲಿಯ ಕ್ರಮ.

ಕರ್ಣಾಟಕದ ದಿಗಂಬರ ಜೈನರಲ್ಲಿ ಮಾನ್ಯವಾದ ವಟ್ಟಕೇರಾಚಾರ್ಯರ ಮೂಲಾಚಾರವು ಇನ್ನೂ ಕಟ್ಟುನಿಟ್ಟಾದುದು. ತಪಸ್ಸು, ಶಾಸ್ತ್ರಜ್ಞಾನ, ದೇಹಬಲ, ಮನಃಸ್ಥೈರ್ಯ, ಬಹುಕಾಲದ ದೀಕ್ಷೆ, ಇವೆಲ್ಲವೂ ಕೂಡಿದ ಮುನಿಗೆ ಮಾತ್ರ ಏಕವಿಹಾರಕ್ಕೆ ಅನುಮತಿಯುಂಟು. ಸ್ವೇಚ್ಛೆಯಿಂದ ಒಂಟಿಯಾಗಿ ತಿರುಗುವವನು ಅಲ್ಲಿ ನಿಂದೆಗೆ ಪಾತ್ರನು. ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಚಾತುರ್ಮಾಸ್ಯದ ನಿಯಮವು ವೈದಿಕರಿಗೂ ಜೈನರಿಗೂ ಸಮಾನವಾಗಿದೆ.

ನಂಜನಗೂಡು ಸೀಮೆಯ ಜನರಿಗೆ ಚಿರಪರಿಚಿತವಾದ ಕಥೆಯೊಂದು ಇದೇ ಅಭಿಪ್ರಾಯವನ್ನು ಬೇರೆ ರೀತಿಯಲ್ಲಿ ತಿಳಿಸುತ್ತದೆ. ಉತ್ತರದೇಶದಿಂದ ಬಂದ ಮಾದೇಶ್ವರನು ಕಪಿಲಾತೀರದ ಸುತ್ತೂರು ಮಠದಲ್ಲಿ ರಾಗಿ ಬೀಸುವ ಸೇವೆಮಾಡಿ, ಕುಂತೂರು ಮಠದಲ್ಲಿಯೂ ಇದ್ದು, ಅನಂತರವೇ ಕಾಡುಬೆಟ್ಟಗಳನ್ನು ಸೇರಿದನೆಂದು ಜನಪದ ಮಹಾಕಾವ್ಯವು ಹಾಡುತ್ತದೆ. ಹುಲಿಯನ್ನೇರಿದ ಮಹಿಮನಿಗೂ ಬೀಸುಕಲ್ಲಿನ ಶಿಕ್ಷಣವು ತಪ್ಪಲಿಲ್ಲ.

ತಿರುಮಕೂಡಲು ನರಸೀಪುರದ ಸೀಮೆಯ ದೊಡ್ಡಹುಂಡಿಯ ನಿಷಿಧಿಗಲ್ಲು ಈ ವಿಚಾರದ ಇನ್ನೊಂದು ಮುಖವನ್ನು ತೋರಿಸುವುದು. ಕ್ರಿ. ಶ. 840 ಅಥವಾ 869ರದೆಂದು ವಿದ್ವಾಂಸರು ಹೇಳುವ ಈ ಶಿಲೆಯು ಗಂಗರ ಅರಸನಾದ ಎರೆಗಂಗ ನೀತಿಮಾರ್ಗನ ಸಮಾಧಿಮರಣದ ಸ್ಮಾರಕ. ಶಿಲ್ಪದಲ್ಲಿ ರಾಜನು ಒಂಟಿಯಲ್ಲ. ಭೃತ್ಯನಾದ ಅಗರಯ್ಯನೂ ಕುಮಾರ ಸತ್ಯವಾಕ್ಯನೂ ಬಳಿಯಲ್ಲಿರುವರು. ರಾಜ್ಯವನ್ನೂ ಅನ್ನವನ್ನೂ ತೊರೆದವನು ಸಹ ತನ್ನವರ ಕಣ್ಣಿಗೆ ಮರೆಯಾಗಲಿಲ್ಲ. ಏಕಾಂತವೆಂಬುದು ಜನರಿಲ್ಲದಿರುವಿಕೆಯಲ್ಲ, ಬೇಡಿಕೆಯಿಲ್ಲದಿರುವಿಕೆಯೆಂದು ಈ ಕಲ್ಲು ಸೂಚಿಸುವಂತಿದೆ.

ಇಂದಿನ ಅರಣ್ಯವು ಸ್ಮೃತಿಕಾರರ ಅರಣ್ಯವಲ್ಲ. ನಂಜನಗೂಡಿನಿಂದ ತೆಂಕಣಕ್ಕೆ ಗುಂಡ್ಲುಪೇಟೆಯನ್ನು ದಾಟಿದರೆ ಸಿಕ್ಕುವ ಬಂಡೀಪುರವು 1973ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದಂತೆ ಅಪ್ಪಣೆಯಿಲ್ಲದೆ ಅಂತಹ ಕಾಡನ್ನು ಪ್ರವೇಶಿಸುವಂತಿಲ್ಲ. ಪೂರ್ವದಲ್ಲಿ ಗುರುವಿನಿಂದ ಪಡೆಯಬೇಕಾಗಿದ್ದ ಅನುಮತಿಯ ಜೊತೆಗೆ ಈಗ ಅರಣ್ಯಾಧಿಕಾರಿಗಳ ಅನುಮತಿಯೂ ಸೇರಿದೆ.

ಆದುದರಿಂದ ಹಿರಿಯರು ಹೊರಡುವೆನೆಂದಾಗ ಬಾಗಿಲಿಗೆ ಅಡ್ಡ ನಿಲ್ಲುವುದು ಶಾಸ್ತ್ರಸಮ್ಮತವಲ್ಲ. ಏನನ್ನೂ ಕೇಳದೆ ಕಳುಹುವುದೂ ಧರ್ಮವಲ್ಲ. ಮನೆಯ ಋಣ ತೀರಿತೆ, ಹೊರೆ ಹಗುರವಾಯಿತೆ, ಋತುವಿನ ಅರಿವುಂಟೆ, ಕಿರುದಾರಿಯಲ್ಲಿ ಪಳಗಿ ಹೆದ್ದಾರಿಗೆ ಹೊರಟುದೆ, ಎಲ್ಲಿ ನಿಲ್ಲಬೇಕೆಂಬುದು ತಿಳಿದಿದೆಯೆ? ಹೌದೆಂಬ ಉತ್ತರ ಬಂದರೆ, ಎಂಟು ತುತ್ತಿನ ಬುತ್ತಿಯನ್ನು ಕಟ್ಟಿಕೊಟ್ಟು ಮರಳುವ ದಿನವನ್ನು ಕೇಳಿಕೊಳ್ಳುವುದೇ ಮಕ್ಕಳ ಪಾಲಿನ ಕರ್ತವ್ಯ.